ಎರಡು ಓಟದ ಮಧ್ಯದ ಆರು ನಿಮಿಷ

ಮಕ್ಕಳ ಫೋನ್ ಬಗ್ಗೆ ಪೇರೆಂಟ್ಸ್ ಮುಂದೆ ಮಾತಾಡಿ ಅಂತ ಕರೆಸಿದ್ದೀರ, ಆದ್ರೆ ನಾನು ಶುರು ಮಾಡೋದು ಬಿಡುವಿನ ಬಗ್ಗೆ. 22 ವರ್ಷದಿಂದ ನಾನು ಮಕ್ಕಳನ್ನ 400 ಮೀಟರ್ ಓಡಿಸ್ತಾ ಇದ್ದೀನಿ, ನನಗೆ ಗೊತ್ತಿರೋದು ಅದೊಂದೇ, ಅಲ್ಲಿಂದಾನೇ ಮಾತು ಶುರುವಾಗ್ಬೇಕು. ನಮ್ಮ ಒಂದು ಮಾಮೂಲಿ ವರ್ಕೌಟ್ ಹೇಳ್ತೀನಿ ನೋಡಿ. 300 ಮೀಟರ್, ನಾಲ್ಕು ಸಲ, ಮಧ್ಯ ಮಧ್ಯ ಆರು ನಿಮಿಷ ಬಿಡುವು. ಓಡೋದು ಹೆಚ್ಚು ಅಂದ್ರೆ 45 ಸೆಕೆಂಡ್. ಅಪ್ಪ ಅಮ್ಮ ಗ್ಯಾಲರಿಯಲ್ಲಿ ಕೂತು ನೋಡೋದು ಆ 45 ಸೆಕೆಂಡ್ ಮಾತ್ರ, ವಿಡಿಯೋ ಮಾಡೋದೂ ಅದನ್ನೇ. ಆರು ನಿಮಿಷ ಯಾರೂ ನೋಡಲ್ಲ, ಯಾಕಂದ್ರೆ ನೋಡೋಕೆ ಅಲ್ಲೇನೂ ಇಲ್ಲ, ಮಗು ಸೊಂಟದ ಮೇಲೆ ಕೈ ಇಟ್ಕೊಂಡು ಉಸಿರು ಬಿಡ್ತಾ ಅತ್ತಿತ್ತ ನಡೀತಿರುತ್ತೆ ಅಷ್ಟೆ.

ಆದ್ರೆ ಕೆಲಸ ನಡೆಯೋದು ಅಲ್ಲೇ. ಎದೆ ಬಡಿತ ಇಳಿಯುತ್ತೆ, ಮಾಂಸಖಂಡದಲ್ಲಿ ತಕ್ಷಣಕ್ಕೆ ಸಿಗೋ ಶಕ್ತಿ ಖರ್ಚಾಗಿರುತ್ತಲ್ಲ ಅದು ಬಹುಪಾಲು ವಾಪಸ್ ತುಂಬ್ಕೊಳ್ಳೋಕೆ ಮೂರರಿಂದ ಐದು ನಿಮಿಷ ಬೇಕು. ಅದು ದೇಹದ ಕಥೆ. ತಲೆ ಒಳಗೆ ಇನ್ನೊಂದು ನಡೀತಿರುತ್ತೆ, ಈಗ ಓಡಿದ್ದು ಮತ್ತೆ ಓಡುತ್ತೆ. ಬೆಂಡ್‌ನಲ್ಲಿ, ಅಂದ್ರೆ ಟ್ರ್ಯಾಕಿನ ತಿರುವಲ್ಲಿ, ಭುಜ ಬಿಗಿಯಾಯ್ತು, ಕೊನೆ 50 ಮೀಟರ್‌ನಲ್ಲಿ ಗದ್ದ ಮೇಲಕ್ಕೆ ಹೋಯ್ತು, ಮುಂದಿನ ಸಲ ಹಾಗೆ ಮಾಡ್ಬಾರ್ದು ಅಂತ. ಯಾರೂ ಹೇಳ್ಕೊಡಬೇಕಿಲ್ಲ, ಸುಮ್ನೆ ಬಿಟ್ರೆ ತಾನಾಗೇ ನಡೆಯುತ್ತೆ.

ಹದಿನೈದು ವರ್ಷದ ಹಿಂದೆ ಮಕ್ಕಳು ಈ ಆರು ನಿಮಿಷದಲ್ಲಿ ಹುಲ್ಲಿನ ಮೇಲೆ ಬಿದ್ಕೊಂಡು ಒಬ್ರನ್ನೊಬ್ರು ರೇಗಿಸ್ತಿದ್ರು, ಇಲ್ಲ ನನ್ನ ತಲೆ ತಿಂತಿದ್ರು, ಸರ್ ಎಷ್ಟಾಯ್ತು, ಸರ್ ಅವನಿಗೆಷ್ಟಾಯ್ತು ಅಂತ. ಈಗ ಫಿನಿಶ್ ಲೈನ್ ದಾಟಿದ ಕೂಡ್ಲೇ ಕೈ ಸೀದಾ ಬ್ಯಾಗಿಗೆ. ಒಂದ್ಸಲ ಹದಿನಾರು ವರ್ಷದ ಒಬ್ಬ ಹುಡುಗ ಮೂರನೇದು ಓಡಿ ಬಂದ, ಆಮೇಲೆ ನಾಲ್ಕು ನಿಮಿಷ ರೀಲ್ಸ್ ನೋಡಿದ, ನಾನು ಹತ್ರ ಹೋಗಿ "ಬೆಂಡ್ ಹೇಗಿತ್ತೋ ಮಗ" ಅಂತ ಕೇಳಿದ್ರೆ ತಲೆ ಎತ್ತಿ "ಯಾವ ಬೆಂಡ್ ಸರ್?" ಅಂದ. ಸುಳ್ಳಲ್ಲ, ತಮಾಷೆಗೂ ಅಂದಿದ್ದಲ್ಲ ಅವನು, ನಾಲ್ಕು ನಿಮಿಷದ ಹಿಂದಿನ ಓಟ ನಿಜವಾಗ್ಲೂ ಅಳಿಸಿ ಹೋಗಿತ್ತು. ಅವತ್ತಿಂದ ನನಗೆ ಒಂದು ವಿಷಯ ಹೊಳೀತು. ಫೋನು ಟೈಮ್ ತಿನ್ನುತ್ತೆ ಅಂತ ನಾವೆಲ್ಲ ಬೈತೀವಿ, ಟೈಮ್ ಅಲ್ಲ ಅದು ತಿನ್ನೋದು, ಬಿಡುವು. ಟೈಮ್ ಟೇಬಲ್‌ನಲ್ಲಿ ಎಲ್ಲೆಲ್ಲಿ ಖಾಲಿ ಜಾಗ ಇದ್ಯೋ ಅಲ್ಲಲ್ಲೇ ನುಗ್ಗುತ್ತೆ. ಓಟಗಾರನ ಬದುಕಲ್ಲಿ ಖಾಲಿ ಜಾಗಾನೇ ಅರ್ಧ ಟ್ರೇನಿಂಗು.

ಬೆಳಿಗ್ಗೆ ಮೆಟ್ರೋದಿಂದಾನೇ ತಗೊಳ್ಳಿ. ಕೆಂಗೇರಿ ಕಡೆಯಿಂದ ನಮ್ಮ ಮಕ್ಕಳು ಬರ್ತಾರೆ, ಪರ್ಪಲ್ ಲೈನ್ ಹತ್ತಿ ಕಬ್ಬನ್ ಪಾರ್ಕಲ್ಲಿ ಇಳಿದು ಕಂಠೀರವ ಸ್ಟೇಡಿಯಂಗೆ ನಡ್ಕೊಂಡು ಬರೋದು. ಅರ್ಧ ಗಂಟೆ ಪ್ರಯಾಣ. ಅಷ್ಟೂ ಹೊತ್ತು ಕತ್ತು ಬಗ್ಗಿರುತ್ತೆ. ಅದ್ರಲ್ಲೇನು ಸರ್, ಕೂತ್ಕೊಂಡು ತಾನೇ ಬರ್ತಾರೆ, ಕಾಲಿಗೇನೂ ಸುಸ್ತಾಗಲ್ವಲ್ಲ ಅಂತ ನೀವು ಕೇಳ್ಬಹುದು. ನಾನೂ ಹಾಗೇ ಅಂದ್ಕೊಂಡಿದ್ದೆ. ಬ್ರೆಜಿಲ್‌ನಲ್ಲಿ ಒಂದು ಪ್ರಯೋಗ ಮಾಡಿದ್ದಾರೆ, 2019ರಲ್ಲಿ ಬಂತು. ಫುಟ್ಬಾಲ್ ಆಡೋರನ್ನ ಪಂದ್ಯಕ್ಕೆ ಮುಂಚೆ ಫೋನಲ್ಲಿ ಸೋಷಿಯಲ್ ಮೀಡಿಯಾ ನೋಡ್ಕೊಂಡು ಕೂರಿ ಅಂತ ಬಿಟ್ರು, ಬೇರೆ ಬೇರೆ ಸಲ ಬೇರೆ ಬೇರೆ ಹೊತ್ತು. 30 ನಿಮಿಷ, 45 ನಿಮಿಷ ನೋಡಿ ಆಡೋಕೆ ಇಳಿದಾಗ ಯಾರಿಗೆ ಪಾಸ್ ಕೊಡ್ಬೇಕು ಅನ್ನೋ ನಿರ್ಧಾರ ಕೆಟ್ಟು ಹೋಗಿತ್ತು. ಬಾಕ್ಸಿಂಗ್ ಮಾಡೋರ ಮೇಲೂ ಅವರೇ ಇಂಥದ್ದೇ ಪ್ರಯೋಗ ಮಾಡಿದ್ರು, ಅಲ್ಲೂ ಅದೇ ಕಥೆ. ಕಾಲು ದಣಿದಿಲ್ಲ, ತಲೆ ದಣಿದಿದೆ. 30 ನಿಮಿಷ ಅಂದ್ರೆ ನಮಗೆ ಕೆಂಗೇರಿ ಟು ಕಬ್ಬನ್ ಪಾರ್ಕು, ನೀವೇ ಲೆಕ್ಕ ಹಾಕಿ.

ಓಟದಲ್ಲೇನು ನಿರ್ಧಾರ ಸರ್, ಗನ್ ಹೊಡೆದ್ರೆ ಓಡೋದು ತಾನೆ ಅಂತ ಕ್ರಿಕೆಟ್‌ನೋರು ನಮ್ಮನ್ನ ರೇಗಿಸ್ತಾರೆ. 400 ಮೀಟರ್ ಓಡಿದವರನ್ನ ಕೇಳಿ. ಮೊದಲ 200ರಲ್ಲಿ ಎಷ್ಟು ಖರ್ಚು ಮಾಡ್ಬೇಕು, ಎಷ್ಟು ಉಳಿಸ್ಬೇಕು, ಅದೆಲ್ಲ ಓಡ್ತಾ ಓಡ್ತಾನೇ ತೀರ್ಮಾನ ಆಗ್ಬೇಕು, ತಪ್ಪಿದ್ರೆ ಕೊನೆ 80 ಮೀಟರ್ ನರಕ.

ಈಗ ನಿದ್ದೆ. ಇಲ್ಲಿ ಕೂತಿರೋ ಅಮ್ಮಂದಿರು ಈಗ್ಲೇ ತಲೆ ಆಡಿಸ್ತಾ ಇದ್ದಾರೆ, ಅಂದ್ರೆ ಹೇಳೋ ಅಗತ್ಯ ಇಲ್ಲ, ಆದ್ರೂ ಎರಡು ನಂಬರ್ ಹೇಳ್ತೀನಿ. ಲಾಸ್ ಏಂಜಲೀಸ್‌ನಲ್ಲಿ ಶಾಲೆ ಮಟ್ಟದ 112 ಆಟಗಾರರನ್ನ ನೋಡಿ 2014ರಲ್ಲಿ ಒಂದು ವರದಿ ಬಂತು, 8 ಗಂಟೆಗಿಂತ ಕಮ್ಮಿ ಮಲಗೋ ಮಕ್ಕಳಿಗೆ ಗಾಯ ಆಗೋ ಸಾಧ್ಯತೆ 1.7 ಪಟ್ಟು. ಇನ್ನೊಂದು ಸ್ಟ್ಯಾನ್‌ಫರ್ಡ್‌ದು, 2011ರದು, ಅದು ಉಲ್ಟಾ ಪ್ರಯೋಗ. 11 ಜನ ಬಾಸ್ಕೆಟ್‌ಬಾಲ್ ಹುಡುಗರಿಗೆ ಕೆಲವು ವಾರ ರಾತ್ರಿ 10 ಗಂಟೆ ಹಾಸಿಗೆಯಲ್ಲೇ ಇರಿ ಅಂದ್ರು, ಬೇರೇನೂ ಹೊಸದಾಗಿ ಹೇಳ್ಕೊಡ್ಲಿಲ್ಲ, ಅವರ ಸ್ಪ್ರಿಂಟ್ ಟೈಮ್ 16.2 ಸೆಕೆಂಡಿಂದ 15.5ಕ್ಕೆ ಇಳೀತು, ಫ್ರೀ ಥ್ರೋ 9 ಪರ್ಸೆಂಟ್ ಸುಧಾರಿಸ್ತು. ಬರೀ ಮಲಗಿ! ನಾನು ಒಂದು ಹುಡುಗನ ಟೈಮಿಂದ ಅರ್ಧ ಸೆಕೆಂಡ್ ತೆಗೆಯೋಕೆ ಒಂದು ಸೀಸನ್ ಪೂರ್ತಿ ಒದ್ದಾಡ್ತೀನಿ.

ಆದ್ರೆ ಎಲ್ಲದಕ್ಕೂ ಫೋನ್ ಮೇಲೇ ಗೂಬೆ ಕೂರಿಸೋದು ನ್ಯಾಯ ಅಲ್ಲ. ಬೆಂಗಳೂರಲ್ಲಿ ಈ ಮಕ್ಕಳ ದಿನ ನೋಡಿ, ನಾಲ್ಕೂವರೆಗೆ ಎದ್ದು ಟ್ರ್ಯಾಕಿಗೆ, ಅಲ್ಲಿಂದ ಸ್ಕೂಲು, ಅಲ್ಲಿಂದ ಟ್ಯೂಷನ್ನು, ಟ್ರಾಫಿಕ್ಕಲ್ಲಿ ಸಿಕ್ಕಾಕ್ಕೊಂಡು ಮನೆ ಸೇರೋದು ಎಂಟೂವರೆ ಒಂಬತ್ತು. ಊಟ, ಹೋಮ್‌ವರ್ಕ್. ಇಡೀ ದಿನದಲ್ಲಿ ಅದು ನಂದು ಅಂತ ಹೇಳ್ಕೊಳ್ಳೋಕೆ ಆ ಮಗುವಿಗೆ ಸಿಗೋದು ರಾತ್ರಿ ಹತ್ತೂವರೆ ಮೇಲೆ ಒಂದು ಚೂರು. ಅದನ್ನ ಫೋನಿಗೆ ಕೊಡುತ್ತೆ. ಹತ್ತೇ ನಿಮಿಷ ಅಂತ ಶುರು ಮಾಡುತ್ತೆ, ಆದ್ರೆ ಅದಕ್ಕೆ ಕೊನೇನೇ ಇಲ್ವಲ್ಲ. ಪುಸ್ತಕ ಆದ್ರೆ ಪುಟ ಮುಗಿಯುತ್ತೆ, ಧಾರಾವಾಹಿ ಆದ್ರೆ ನಾಳೆಗೆ ಅಂತ ನಿಲ್ಲುತ್ತೆ. ಬೆರಳಿಂದ ಎಳೆದಷ್ಟೂ ಬರೋ ಆ ಕೊನೆಯಿಲ್ಲದ ಪುಟಾನ 2006ರಲ್ಲಿ ಮಾಡಿದ್ದು ಏಜಾ ರಾಸ್ಕಿನ್ ಅನ್ನೋ ಡಿಸೈನರ್, ಆಮೇಲೆ ಅವರೇ ಯಾಕಾದ್ರೂ ಮಾಡಿದ್ನೋ ಅಂತ ಎಲ್ಲರೆದುರು ಹೇಳ್ಕೊಂಡ್ರು. ಮಾಡಿದವರಿಗೇ ಬೇಡ ಆಗಿದೆ, ನಮ್ಮ ಹದಿನಾಲ್ಕು ವರ್ಷದ ಮಗು ತಾನಾಗೇ ನಿಲ್ಲಿಸ್ಲಿ ಅಂತ ನಾವು ಕಾಯ್ತಾ ಇದ್ದೀವಿ.

ಇನ್ನು ಹೋಲಿಕೆ. ಇದ್ರಲ್ಲಿ ನಿಮ್ಮ ಪಾಲೂ ಇದೆ, ಬೇಜಾರು ಮಾಡ್ಕೋಬೇಡಿ. ನಮ್ಮ ಪೇರೆಂಟ್ಸ್ ವಾಟ್ಸಾಪ್ ಗ್ರೂಪಿದೆ, ಪ್ರಾಕ್ಟೀಸ್ ಟೈಮ್ ತಿಳಿಸೋಕೆ ಅಂತ ಮಾಡಿದ್ದು. ಒಂದಿನ ಯಾರೋ ಒಬ್ಬ ಅಪ್ಪ ಬೇರೆ ರಾಜ್ಯದ ಒಬ್ಬ ಹುಡುಗನ ರೀಲ್ ಹಾಕಿದ್ರು, 14 ವರ್ಷ, 400 ಮೀಟರ್ 50 ಸೆಕೆಂಡ್, ಕೆಳಗೆ "ನಮ್ಮೋರು ಯಾವಾಗ?" ಅಂತ. ನಾನು ಆ ವಿಡಿಯೋನ ದೊಡ್ಡದು ಮಾಡಿ ನೋಡ್ದೆ, ಆ ಹದಿನಾಲ್ಕರ ಪೋರನಿಗೆ ನನಗಿಂತ ದಟ್ಟ ಮೀಸೆ. ವಯಸ್ಸಿನ ಸರ್ಟಿಫಿಕೇಟ್ ವಿಷಯ ನಮ್ಮ ಆಟದಲ್ಲಿ ಎಲ್ಲರಿಗೂ ಗೊತ್ತಿರೋದೇ, ಅದಕ್ಕೆ ಮೂಳೆ ಪರೀಕ್ಷೆ ಬಂದಿದ್ದು, ಈಗ ಬೇಡ ಬಿಡಿ ಅದು. ಸರ್ಟಿಫಿಕೇಟ್ ನಿಜಾನೇ ಇರ್ಲಿ, ಒಂದೇ ವಯಸ್ಸಿನ ಇಬ್ಬರು ಮಕ್ಕಳ ದೇಹದ ಬೆಳವಣಿಗೆಯಲ್ಲಿ ಎರಡು ಮೂರು ವರ್ಷದ ವ್ಯತ್ಯಾಸ ಇರುತ್ತೆ. ಒಬ್ಬ ಹದಿಮೂರಕ್ಕೇ ಎತ್ತರ ಆಗ್ಬಿಡ್ತಾನೆ, ಇನ್ನೊಬ್ಬ ಹದಿನಾರಕ್ಕೆ. ತಡವಾಗಿ ಬೆಳೆಯೋ ಹುಡುಗ ದಿನಾ ರಾತ್ರಿ ಬೇಗ ಬೆಳೆದವನ ಓಟ ನೋಡ್ಕೊಂಡು ಮಲಗಿದ್ರೆ, ಅವನು ಹದಿನಾರರ ತನಕ ಆಟದಲ್ಲಿ ಉಳಿಯೋದೇ ಇಲ್ಲ. ನಾನು ಕಳ್ಕೊಂಡಿರೋ ಒಳ್ಳೊಳ್ಳೆ ಹುಡುಗರಲ್ಲಿ ಹೆಚ್ಚಿನವರು ಇಂಥವರೇ, ಗಾಯದಿಂದ ಹೋದವರು ಕಮ್ಮಿ.

ಹೆಣ್ಣುಮಕ್ಕಳ ವಿಷಯದಲ್ಲಿ ಇದು ಇನ್ನೂ ಕಷ್ಟ. ಒಬ್ಬಳು 800 ಮೀಟರ್ ಓಡೋಳು, ಹದಿನೇಳು ವರ್ಷ. ಹೊರದೇಶದ ಓಟಗಾರ್ತಿಯರು ದಿನಕ್ಕೆ ಏನೇನು ತಿಂತೀವಿ ಅಂತ ಹಾಕೋ ವಿಡಿಯೋ ನೋಡಿ ನೋಡಿ ಮೊದಲು ಅನ್ನ ಬಿಟ್ಟಳು, ಆಮೇಲೆ ಮುದ್ದೆ ಬಿಟ್ಟಳು, ಮನೇಲಿ "ಸರ್ ಹೇಳಿದ್ದಾರೆ" ಅಂದಿದ್ದಾಳೆ, ನಾನೆಲ್ಲಿ ಹೇಳಿದ್ದೆ! ಮೊದಲ ಎರಡು ತಿಂಗಳು ಟೈಮ್ ಚೆನ್ನಾಗೇ ಬಂತು, ಅದೇ ಮೋಸ. ಆಮೇಲೆ ಮೊಣಕಾಲ ಕೆಳಗೆ ಮೂಳೆ ನೋವು ಶುರುವಾಯ್ತು, ಹೋಗ್ಲೇ ಇಲ್ಲ. ಡಾಕ್ಟರಮ್ಮ ಕೇಳಿದ ಮೇಲೇ ಗೊತ್ತಾಗಿದ್ದು, ನಾಲ್ಕು ತಿಂಗಳಿಂದ ಮುಟ್ಟು ನಿಂತಿದೆ ಅಂತ. ನನಗೆ ಹೇಳೋಕೆ ಅವಳಿಗೆ ಸಂಕೋಚ, ಕೇಳೋಕೆ ನನಗೆ ಸಂಕೋಚ, ಇಬ್ಬರ ಸಂಕೋಚದಲ್ಲಿ ಮೂಳೆ ಸವೀತು. ಖರ್ಚು ಮಾಡೋ ಶಕ್ತಿಗೆ ತಕ್ಕಷ್ಟು ಊಟ ಇಲ್ದೇ ಇದ್ರೆ ದೇಹ ಒಂದೊಂದೇ ಅಂಗಡಿ ಬಾಗಿಲು ಮುಚ್ಚುತ್ತಾ ಬರುತ್ತೆ, ಅದಕ್ಕೆ 2014ರಲ್ಲಿ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ ರೆಡ್-ಎಸ್ ಅಂತ ಹೆಸರು ಕೊಡ್ತು, ಹುಡುಗರಿಗೂ ಆಗುತ್ತೆ. ಹುಡುಗಿಯರ ಮೈಮೇಲಿನ ಬೇಸರಾನ ಇನ್‌ಸ್ಟಾಗ್ರಾಮ್ ಹೆಚ್ಚು ಮಾಡುತ್ತೆ ಅಂತ ಆ ಕಂಪನಿಯ ಒಳಗಿನವರೇ ಬರ್ಕೊಂಡಿದ್ರು, ಹದಿಹರೆಯದ ಮೂವರಲ್ಲಿ ಒಬ್ಬಳಿಗೆ ಅಂತ, 2021ರಲ್ಲಿ ಆ ಕಾಗದಗಳು ಹೊರಗೆ ಬಂದ್ವು. ನಮ್ಮ ಹುಡುಗಿ ಈಗ ಚೆನ್ನಾಗಿದ್ದಾಳೆ, ಊಟ ಮಾಡ್ತಾಳೆ, ಆದ್ರೆ ಎರಡು ಸೀಸನ್ ಹೋಯ್ತು.

ನನ್ನ ತಪ್ಪೂ ಒಂದಿದೆ, ಹೇಳ್ಬಿಡ್ತೀನಿ. ಐದಾರು ವರ್ಷದ ಹಿಂದೆ ಟಿಕ್‌ಟಾಕ್ ಬ್ಯಾನ್ ಆಯ್ತಲ್ಲ, 2020ರಲ್ಲಿ, ಅದರ ಬೆನ್ನಲ್ಲೇ ರೀಲ್ಸ್ ಬಂತು, ಎಲ್ಲರೂ ಹಾಕ್ತಾ ಇದ್ರು, ನನಗೂ ಚಪಲ. ಒಬ್ಬ ಹುಡುಗನ ಓಟಾನ ಸ್ಲೋ ಮೋಷನ್‌ನಲ್ಲಿ ಹಿಡಿದು ಹಾಕ್ದೆ. ಅವನು ಕೈ ಬೀಸೋ ರೀತಿ ಸ್ವಲ್ಪ ಬೇರೆ, ಮೊಣಕೈ ಅಗಲಕ್ಕೆ ಹೋಗ್ತಿತ್ತು, ಆದ್ರೆ ಅದು ಅವನ ಭುಜಕ್ಕೆ ಹೊಂದೋ ರೀತಿ, ನಾನು ಬೇಕಂತಲೇ ತಿದ್ದಿರ್ಲಿಲ್ಲ. ಬೆಳಿಗ್ಗೆ ಹೊತ್ತಿಗೆ ನೂರಾರು ಕಾಮೆಂಟು. ಬಾತುಕೋಳಿ ಅಂತ ಒಬ್ಬ, ಹುಡುಗಿ ತರ ಓಡ್ತಾನೆ ಅಂತ ಇನ್ನೊಬ್ಬ, ಕೋಚ್‌ಗೆ ಕಣ್ಣಿಲ್ವಾ ಅಂತ ಮತ್ತೊಬ್ಬ. ಅದು ನನಗೆ, ಪರವಾಗಿಲ್ಲ. ಅವತ್ತೇ ಡಿಲೀಟ್ ಮಾಡ್ದೆ, ಆದ್ರೆ ಹುಡುಗ ರಾತ್ರಿಯೆಲ್ಲ ಕೂತು ಅಷ್ಟೂ ಓದಿದ್ದ. ಒಂದು ಮಾತೂ ಆಡ್ಲಿಲ್ಲ ನನ್ ಹತ್ರ. ಮುಂದಿನ ವಾರದಿಂದ ಕೈ ಮೈಗೆ ಅಂಟಿಸ್ಕೊಂಡು ಓಡೋಕೆ ಶುರು ಮಾಡ್ದ, ಹಗ್ಗದಲ್ಲಿ ಕಟ್ಟಿದ ಹಾಗೆ. ಆ ಕೈ ಬಿಚ್ಚಿಸೋಕೆ ನನಗೆ ಒಂದು ವರ್ಷ ಹಿಡೀತು. ಅವರ ಅಮ್ಮನಿಗೆ ಈಗ್ಲೂ ಮುಖ ಕೊಟ್ಟು ಮಾತಾಡೋಕೆ ನನಗೆ ಮುಜುಗರ.

ದೊಡ್ಡ ಆಟಗಾರರಿಗೆ ಆಗಲ್ವಾ ಸರ್ ಇದು ಅಂತೀರ. ಆಗುತ್ತೆ. 2022ರ ಏಷ್ಯಾ ಕಪ್‌ನಲ್ಲಿ ಪಾಕಿಸ್ತಾನದ ಮೇಲೆ ಅರ್ಶ್‌ದೀಪ್ ಸಿಂಗ್ ಒಂದು ಕ್ಯಾಚ್ ಬಿಟ್ಟ, 23 ವರ್ಷದ ಹುಡುಗ, ಅವತ್ತು ರಾತ್ರಿ ಅವನಿಗೆ ಬಿದ್ದ ಬೈಗುಳ ಒಂದೆರಡಲ್ಲ, ವಿಕಿಪೀಡಿಯದಲ್ಲಿ ಅವನ ಪುಟಾನೂ ತಿದ್ದಿದ್ರು. ಅದೇ ಅರ್ಶ್‌ದೀಪ್ 2024ರ ಟಿ20 ವಿಶ್ವಕಪ್‌ನಲ್ಲಿ 17 ವಿಕೆಟ್ ತೆಗೆದ, ನಾವು ಕಪ್ ಗೆದ್ವಿ. ಆದ್ರೆ ಅವನ ಪಕ್ಕ ಆ ಕ್ಯಾಚ್ ಬಿಟ್ಟ ರಾತ್ರಿಯೇ ಪತ್ರಕರ್ತರ ಮುಂದೆ ಕೊಹ್ಲಿ ನಿಂತ, ಇಡೀ ತಂಡ ಇತ್ತು. ಜಿಲ್ಲಾ ಮಟ್ಟದ ರಿಲೇ ಓಟದಲ್ಲಿ ಬ್ಯಾಟನ್ ಬೀಳಿಸಿದ ಹದಿಮೂರು ವರ್ಷದ ಹುಡುಗಿ ಪಕ್ಕ ಯಾರಿರ್ತಾರೆ, ಅವಳ ಕ್ಲಾಸಿನ ಗ್ರೂಪ್‌ನಲ್ಲಿ ಅದು ಸ್ಟಿಕ್ಕರ್ ಆಗಿ ಓಡಾಡುವಾಗ?

ಬೈಗುಳ ಬಿಡಿ, ಹೊಗಳಿಕೆ ಕೂಡ ಏನು ಮಾಡುತ್ತೆ ಅನ್ನೋಕೆ ನಮ್ಮದೇ ಒಂದು ಕಥೆ ಇದೆ. 2020ರ ಫೆಬ್ರವರಿ ನೆನಪಿದ್ಯಾ, ಕಂಬಳದ ಶ್ರೀನಿವಾಸ ಗೌಡ್ರು? ಐಕಳ ಕಂಬಳದಲ್ಲಿ 142.5 ಮೀಟರ್ ಕರೆಯನ್ನ, ಅಂದ್ರೆ ಕೋಣ ಓಡಿಸೋ ಕೆಸರಿನ ದಾರೀನ, 13.62 ಸೆಕೆಂಡಲ್ಲಿ ಓಡಿದ್ರು, ಯಾರೋ ಕೂತು ಗುಣಾಕಾರ ಭಾಗಾಕಾರ ಮಾಡಿ 100 ಮೀಟರ್‌ಗೆ 9.55 ಅಂದ್ರು, ಉಸೇನ್ ಬೋಲ್ಟ್‌ನ ವಿಶ್ವದಾಖಲೆ 9.58, ಮುಗೀತು, ಎರಡು ದಿನ ದೇಶಕ್ಕೆ ದೇಶವೇ ಹುಚ್ಚೆದ್ದು ಹೋಯ್ತು. ಕೇಂದ್ರ ಕ್ರೀಡಾ ಸಚಿವರೇ ಟ್ರಯಲ್‌ಗೆ ಕರೆದ್ರು. ಗೌಡ್ರು ಏನಂದ್ರು ಗೊತ್ತಾ? ಓಡಿದ್ದು ನಾನೊಬ್ಬನೇ ಅಲ್ಲ, ಕೋಣಗಳೂ ಓಡಿದ್ವು, ಕಂಬಳದಲ್ಲಿ ಹಿಮ್ಮಡಿ ಬೇಕು, ಟ್ರ್ಯಾಕಲ್ಲಿ ಕಾಲಿನ ಮುಂಭಾಗ ಬೇಕು, ಅದೇ ಬೇರೆ ಇದೇ ಬೇರೆ ಅನ್ನೋ ಅರ್ಥದಲ್ಲಿ ಹೇಳಿ ಬರಲ್ಲ ಅಂದ್ಬಿಟ್ರು. ನಾನು ಕೋಚಾಗಿ ಹೇಳ್ತೀನಿ, ಆ ವರ್ಷ ಕೇಳಿದ ಅತ್ಯಂತ ಬುದ್ಧಿವಂತಿಕೆಯ ಕೋಚಿಂಗ್ ಮಾತು ಅದು. ಅದಕ್ಕೆ ಹಿಂದಿನ ವರ್ಷ ಮಧ್ಯಪ್ರದೇಶದ ಒಬ್ಬ ಯುವಕ ಬರಿಗಾಲಲ್ಲಿ 100 ಮೀಟರ್ 11 ಸೆಕೆಂಡಲ್ಲಿ ಓಡಿದ ಅಂತ ವಿಡಿಯೋ ಓಡಾಡಿತ್ತು. ಅವನನ್ನೂ ಟ್ರಯಲ್‌ಗೆ ಕರೆದ್ರು, ಪಾಪ ಹೋದ, ಕ್ಯಾಮೆರಾಗಳ ಮುಂದೆ ಓಡ್ದ, ಕೊನೆಯವನಾಗಿ ಬಂದ. ಅಷ್ಟು ಹೊಗಳಿದವರಲ್ಲಿ ಒಬ್ಬರೂ ಆಮೇಲೆ ಅವನ ಸುದ್ದಿ ಕೇಳ್ಲಿಲ್ಲ.

ಪೌಡರ್, ಮಾತ್ರೆ ವಿಷಯ ಬೇಗ ಹೇಳಿ ಮುಗಿಸ್ತೀನಿ. ಜಿಮ್ಮಿನ ಮೈ ತೋರಿಸ್ಕೊಂಡು ಇದು ತಗೊಳ್ಳಿ ಅನ್ನೋರು ರೀಲ್ಸ್ ತುಂಬ ಇದ್ದಾರೆ. ಡೋಪಿಂಗ್‌ನಲ್ಲಿ ನನಗೆ ಗೊತ್ತಿರ್ಲಿಲ್ಲ ಅನ್ನೋ ಮಾತು ನಡೆಯಲ್ಲ, ನಿನ್ನ ಮೈಯಲ್ಲಿ ಸಿಕ್ಕಿದ್ರೆ ಜವಾಬ್ದಾರಿ ನಿಂದೇ. 2019ರಲ್ಲಿ ಕ್ರಿಕೆಟ್‌ನ ಪೃಥ್ವಿ ಶಾಗೆ ಎಂಟು ತಿಂಗಳ ನಿಷೇಧ ಬಿದ್ದಿದ್ದು ಒಂದು ಕೆಮ್ಮಿನ ಸಿರಪ್‌ನಿಂದ. ನಮ್ಮ ದೇಶದಲ್ಲಿ ಡೋಪಿಂಗ್ ತಡೆಯೋ ಸಂಸ್ಥೆ ನಾಡಾ, ಅವರ ನೋ ಯುವರ್ ಮೆಡಿಸಿನ್ ಅನ್ನೋ ಆ್ಯಪ್ ಇದೆ, ಔಷಧಿ ಹೆಸರು ಹಾಕಿದ್ರೆ ನಿಷೇಧ ಇದ್ಯಾ ಇಲ್ವಾ ಹೇಳುತ್ತೆ. ಫೋನಲ್ಲಿ ಇರ್ಲೇಬೇಕಾದ ಆ್ಯಪ್ ಅದು, ಯಾರ ಫೋನಲ್ಲೂ ನಾನು ನೋಡಿಲ್ಲ.

ನಾನು ಫೋನ್ ವಿರೋಧಿ ಅಲ್ಲ, ಸ್ಪಷ್ಟ ಮಾಡ್ತೀನಿ. ಚಿತ್ರದುರ್ಗದ ಕಡೆಯಿಂದ ಒಬ್ಬ ಹುಡುಗ ಬಂದ, ಹರ್ಡಲ್ಸ್ ದಾಟೋದನ್ನ ಪೂರ್ತಿ ಯೂಟ್ಯೂಬ್ ನೋಡಿ ಕಲ್ತಿದ್ದ, ಅವನೂರಲ್ಲಿ ಹರ್ಡಲ್ಲೇ ಇರ್ಲಿಲ್ಲ, ಬಿದಿರು ಕಟ್ಕೊಂಡಿದ್ದ. ಹಿಂಗಾಲು ಎಳ್ಕೊಳ್ಳೋ ರೀತಿ ನಮ್ಮ ಮಕ್ಕಳಿಗಿಂತ ಚೆನ್ನಾಗಿತ್ತು. ನೋಡೋದಕ್ಕೂ ನೋಡೋದಕ್ಕೂ ವ್ಯತ್ಯಾಸ ಇದೆ, ಅವನು ಒಂದೇ ವಿಡಿಯೋನ ಇನ್ನೂರು ಸಲ ನೋಡಿದ್ದ, ಇವರು ಇನ್ನೂರು ವಿಡಿಯೋನ ಒಂದೊಂದು ಸಲ ನೋಡ್ತಾರೆ.

ಹಾಗಾದ್ರೆ ಕಿತ್ಕೊಳ್ಳೋದಾ? ಈ ಪ್ರಶ್ನೆ ಬಂದಾಗೆಲ್ಲ ಯಾರಾದ್ರೂ ಬ್ಯಾಡ್ಮಿಂಟನ್‌ನ ಸಿಂಧು ಉದಾಹರಣೆ ಕೊಡ್ತಾರೆ. ಹೌದು, 2016ರ ರಿಯೋ ಒಲಿಂಪಿಕ್ಸ್‌ಗೆ ಮುಂಚೆ ಕೋಚ್ ಗೋಪಿಚಂದ್ ಮೂರು ತಿಂಗಳು ಅವರ ಫೋನ್ ಇಟ್ಕೊಂಡಿದ್ರು, ಕೊನೆ ಹನ್ನೆರಡು ಹದಿಮೂರು ದಿನ ಸಿಹಿ ಮೊಸರು, ಐಸ್‌ಕ್ರೀಂ ಕೂಡ ಬಂದ್, ಬೆಳ್ಳಿ ಬಂದ ಮೇಲೇ ವಾಪಸ್. ಆದ್ರೆ ಸಿಂಧುಗೆ ಆಗ 21, ಎದುರಿಗೆ ಒಲಿಂಪಿಕ್ಸ್ ಇತ್ತು, ಚಿಕ್ಕಂದಿನಿಂದ ನೋಡಿದ ಗುರು ಕೇಳಿದ್ದು. ನೀವು ರಾತ್ರಿ ಹನ್ನೊಂದಕ್ಕೆ ರೂಮಿಗೆ ನುಗ್ಗಿ ಕಿತ್ಕೊಂಡ್ರೆ ಅದು ಗೋಪಿಚಂದ್ ಆಗಲ್ಲ, ಜಗಳ ಆಗುತ್ತೆ. ದ್ರಾವಿಡ್ ಸೋಷಿಯಲ್ ಮೀಡಿಯಾದಲ್ಲೇ ಇಲ್ಲ ನೋಡ್ರೋ ಅಂದ್ರೆ, ಸರ್ ಅವರು ಆಡೋಕೆ ಶುರು ಮಾಡ್ದಾಗ ಅದಿರ್ಲೇ ಇಲ್ವಲ್ಲ ಅಂತಾರೆ ಮಕ್ಕಳು. ನ್ಯಾಯವಾದ ಮಾತೇ. ಆಸ್ಟ್ರೇಲಿಯಾದಲ್ಲಿ 2025ರ ಡಿಸೆಂಬರ್ 10ರಿಂದ ಹದಿನಾರರ ಒಳಗಿನವರಿಗೆ ಅಕೌಂಟೇ ಇಲ್ಲ ಅಂತ ಕಾನೂನು ಬಂದಿದೆ. ನಮ್ಮಲ್ಲಿ ಅಪ್ಪನ ಹೆಸರಲ್ಲಿ ಮಗಳ ಅಕೌಂಟ್, ಮಗಳ ಅಕೌಂಟಲ್ಲಿ ಅಪ್ಪನ ಕಾಮೆಂಟು.

ನನಗೆ ದಾರಿ ತೋರಿಸಿದ್ದು ಕಾಲ್ ರೂಮ್. ಓಟಕ್ಕೆ ಮುಂಚೆ ಎಲ್ಲರನ್ನೂ ಒಂದು ಕಡೆ ಕೂರಿಸ್ತಾರಲ್ಲ, ಅಲ್ಲಿಂದ ಮುಂದಕ್ಕೆ ಫೋನ್ ಬಿಡಲ್ಲ, ಅಥ್ಲೆಟಿಕ್ಸ್ ನಿಯಮಾನೇ ಹಾಗಿದೆ, ಸ್ಪರ್ಧೆ ಜಾಗದಲ್ಲಿ ಮೊಬೈಲ್ ಇಟ್ಕೊಂಡಿದ್ರೂ ಅದು ಹೊರಗಿನ ಸಹಾಯ ಅಂತ ಲೆಕ್ಕ. ಹದಿನೈದು ಇಪ್ಪತ್ತು ನಿಮಿಷ, ಪಕ್ಕದಲ್ಲಿ ಎದುರಾಳಿಗಳು, ಎದೆ ಡವಡವ, ಕೈಯಲ್ಲಿ ಏನೂ ಇಲ್ಲ. ಮೊದಲ ಸಲ ಸ್ಟೇಟ್ ಮೀಟ್‌ಗೆ ಹೋದ ಒಬ್ಬಳು ಹುಡುಗಿ ಬಂದು ಹೇಳಿದ್ಲು, "ಸರ್, ಓಡೋಕೆ ಭಯ ಆಗ್ಲಿಲ್ಲ, ಸುಮ್ನೆ ಕೂರೋಕೆ ಭಯ ಆಯ್ತು." ನಾನು ಅವಳಿಗೆ ಸ್ಟಾರ್ಟ್ ಹೇಳ್ಕೊಟ್ಟಿದ್ದೆ, ಬೆಂಡ್ ಹೇಳ್ಕೊಟ್ಟಿದ್ದೆ, ಸುಮ್ನೆ ಕೂರೋದನ್ನ ಹೇಳ್ಕೊಟ್ಟಿರ್ಲಿಲ್ಲ. ನಮ್ಮ ಕಾಲದಲ್ಲಿ ಅದನ್ನ ಯಾರೂ ಹೇಳ್ಕೊಡ್ತಾ ಇರ್ಲಿಲ್ಲ, ಬಸ್‌ಸ್ಟಾಪಲ್ಲೇ ಕಲ್ತಿರ್ತಿದ್ವಿ.

ಹಾಗಾಗಿ ಈಗ ಸುಮ್ನೆ ಕೂರೋದೂ ನಮ್ಮ ವರ್ಕೌಟಲ್ಲಿದೆ. ವಾರ್ಮ್‌ಅಪ್ ಶುರುವಾಗೋಕೆ ಮುಂಚೆ ಫೋನೆಲ್ಲ ಒಂದು ಡಬ್ಬಿಗೆ, ನಮ್ಮಮ್ಮ ಚಕ್ಕುಲಿ ಹಾಕಿಡ್ತಿದ್ದ ಸ್ಟೀಲ್ ಡಬ್ಬಿ ಅದು, ಈಗ್ಲೂ ಸ್ವಲ್ಪ ಇಂಗಿನ ವಾಸನೆ ಬರುತ್ತೆ ಅಂತ ಮಕ್ಕಳ ಕಂಪ್ಲೇಂಟು. ಬೆಳಿಗ್ಗೆ ಮೆಟ್ರೋದಲ್ಲಿ ಹಾಡು ಕೇಳ್ಬಹುದು, ಸ್ಕ್ರೀನ್ ನೋಡೋ ಹಾಗಿಲ್ಲ, ಅದನ್ನ ಅವರವರೇ ಕಾಯ್ಕೋಬೇಕು, ನಾನೇನು ಮೆಟ್ರೋದಲ್ಲಿ ಕೂರಲ್ಲ. ಸೋತ ದಿನ ಮಾರನೆ ಬೆಳಿಗ್ಗೆ ತನಕ ಯಾರೂ ಏನೂ ಹಾಕೋ ಹಾಗಿಲ್ಲ, ಗೆದ್ದ ದಿನವೂ ಅಷ್ಟೆ, ಇದು ಪೇರೆಂಟ್ಸ್‌ಗೂ ಸೇರಿ. ರಾತ್ರಿ ಫೋನ್ ಚಾರ್ಜಿಗೆ ಹಾಕೋದು ಅಡುಗೆಮನೆಯಲ್ಲಿ, ಅಪ್ಪ ಅಮ್ಮಂದೂ ಅಲ್ಲೇ. ಮೊದಲ ತಿಂಗಳು ಮೂರು ಮನೆಯವರು ಮಾತ್ರ ಒಪ್ಪಿದ್ರು, ಮಕ್ಕಳು ಎಲ್ಲರೂ ಒಪ್ಪಿದ್ರು, ತಕರಾರು ಬಂದಿದ್ದು ಅಪ್ಪಂದಿರಿಂದ, ಆಫೀಸ್ ಕಾಲ್ ಬರುತ್ತೆ ಸರ್ ಅಂತ.

ಮೊನ್ನೆ ಶನಿವಾರ ಮಕ್ಕಳು ಮೂರನೇ 300 ಮುಗಿಸಿ ಹುಲ್ಲಲ್ಲಿ ಬಿದ್ಕೊಂಡಿದ್ರು, ಡಬ್ಬಿ ಒಳಗೆ ಒಂದು ಫೋನು ಗುಂಯ್ ಗುಂಯ್ ಅಂತ ಬಡ್ಕೊಳ್ಳೋಕೆ ಶುರುವಾಯ್ತು, ನಿಲ್ತಾನೇ ಇಲ್ಲ. ಯಾರದ್ರೋ ಅದು ಅಂತ ನಾನು ಜೋರು ಮಾಡ್ದೆ. ಒಬ್ಬಳು ಹೋಗಿ ಮುಚ್ಚಳ ತೆಗೆದು ನೋಡಿದ್ಲು. "ಸರ್, ನಿಮ್ಮದೇ. ಆಂಟಿ. ಎಂಟನೇ ಸಲ." ಮನೆಗೆ ಮೊಸರು ತರೋಕೆ ಹೇಳಿದ್ರು, ನಾನು ಮರ್ತಿದ್ದೆ. ಮಕ್ಕಳು ಬಿದ್ದು ಬಿದ್ದು ನಕ್ಕಿದ್ರಲ್ಲಿ ಬಿಡುವು ಆರಲ್ಲ, ಒಂಬತ್ತು ನಿಮಿಷ ಆಯ್ತು.